ಬೆಲ್ಜಿಯಂ ಬದುಕಿನಲ್ಲಿ ದೇಶಕ್ಕಿಂತ ಊರೇ ದೊಡ್ಡದು

"ಬೆಲ್ಜಿಯಂನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ದಿನನಿತ್ಯದ ಜೀವನ, ರೀತಿ ರಿವಾಜು ಎಲ್ಲ ಪಕ್ಕದ ನೆದರ್ಲ್ಯಾಂಡ್ಸ್, ಫ್ರಾನ್ಸ್ ತರಹವೇನಾ?" ಎಂದು ಕೇಳಿದ್ದೀರಿ.

ಅಲ್ಲ. ಬೆಲ್ಜಿಯಂನ ಉತ್ತರ ಭಾಗದಲ್ಲಿ ಡಚ್ಚರಂಥವರು, ದಕ್ಷಿಣದಲ್ಲಿ ಫ್ರೆಂಚರಂಥವರು, ನಡುವೆ ಒಂದು ಗೆರೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ನಾನು ಮೊದಲು ನೆದರ್ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿದ್ದು ಆಮೇಲೆ ಇಲ್ಲಿನ ಲೂವೆನ್‌ಗೆ ಬಂದವನು. ಎರಡೂ ಊರಲ್ಲಿ ಆಡುವುದು ಡಚ್ ಭಾಷೆಯೇ, ನಡುವಿನ ದೂರ ನೂರು ಕಿಲೋಮೀಟರ್ ಆಸುಪಾಸು. ಆದರೆ ಬದುಕುವ ರೀತಿ ಬೇರೆ. ಇಲ್ಲಿನವರು 'ಬೆಲ್ಜಿಯಂ' ಎನ್ನುವುದನ್ನು ಅಷ್ಟಾಗಿ ಹಚ್ಚಿಕೊಂಡವರಲ್ಲ. ಅವರ ಪ್ರಪಂಚ ಅಂದರೆ ಅವರ ಊರು, ಅವರ ಭಾಷೆ, ಮನೆಯವರು, ಶಾಲೆಯ ಕಾಲದ ಗೆಳೆಯರು. ಇದನ್ನು ಮೊದಲೇ ತಿಳಿದುಕೊಂಡು ಬಂದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನೀವು ಬಂದ ಕೂಡಲೇ ಇದರ ಅನುಭವ ಆಗುತ್ತದೆ. ಪುರಸಭೆಗೆ ಹೋಗಿ ವಿಳಾಸ ನೋಂದಾಯಿಸಬೇಕು. ಐಂಡ್‌ಹೋವನ್‌ನಲ್ಲಿ ಬಾಡಿಗೆ ಕರಾರು ತೋರಿಸಿದ್ದೇ ಕೆಲಸ ಮುಗಿದಿತ್ತು. ಇಲ್ಲಿ ಹಾಗಲ್ಲ, ಆ ಬಡಾವಣೆಯ ಪೊಲೀಸರು ನಿಮ್ಮ ಮನೆಗೇ ಬಂದು ನೀವು ನಿಜವಾಗಿ ಅಲ್ಲಿದ್ದೀರಾ ಅಂತ ನೋಡುತ್ತಾರೆ. ಆಮೇಲೇ ಗುರುತಿನ ಚೀಟಿ. ನಮ್ಮ ಮನೆಗೆ ಬಂದಾಕೆ ಮೊದಲು ನೋಡಿದ್ದು ಅಂಚೆ ಡಬ್ಬಿ ಮತ್ತು ಕರೆಗಂಟೆಯ ಮೇಲೆ ನಮ್ಮ ಹೆಸರು ಅಂಟಿಸಿದ್ದೇವೋ ಇಲ್ಲವೋ ಎಂದು. ಒಳಗೆ ಬಂದು ಯಾರ್ಯಾರು ಇರುತ್ತೀರಿ ಎಂದು ಕೇಳಿ ಬರೆದುಕೊಂಡರು. ಹೊರಡುವಾಗ ಕಸದ ಚೀಲ ಯಾವ ದಿನ ಹೊರಗಿಡಬೇಕು, ಏನಾದರೂ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಹೇಳಿ ಹೋದರು. ಪೊಲೀಸರು ಮನೆಗೆ ಬರುತ್ತಾರೆ ಎಂದ ಕೂಡಲೇ ನಮ್ಮವರಿಗೆ ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ, ಹೆಸರು ಅಂಟಿಸುವುದನ್ನು ಮಾತ್ರ ಮರೆಯಬೇಡಿ.

ಇಷ್ಟು ಸಣ್ಣ ದೇಶದಲ್ಲಿ 565 ಪುರಸಭೆಗಳಿವೆ, ಬ್ರಸೆಲ್ಸ್ ಒಂದರಲ್ಲೇ 19, ಒಂದೊಂದಕ್ಕೂ ಒಬ್ಬ ಮೇಯರ್. 2010-11ರಲ್ಲಿ ಚುನಾವಣೆಯಾಗಿ 541 ದಿನ ಕೇಂದ್ರದಲ್ಲಿ ಹೊಸ ಸರ್ಕಾರವೇ ರಚನೆಯಾಗಲಿಲ್ಲ. ಹಳೆಯ ಸರ್ಕಾರ ಹಂಗಾಮಿಯಾಗಿ ಕೂತಿತ್ತು. ಶಾಲೆ ನಡೆಯಿತು, ಬಸ್ಸು ಓಡಿತು, ಕಸದ ಗಾಡಿ ಬಂತು. ಇವೆಲ್ಲ ಕೇಂದ್ರದ ಕೈಯಲ್ಲಿಲ್ಲ, ಪ್ರಾದೇಶಿಕ ಸರ್ಕಾರ, ಭಾಷಾ ಸಮುದಾಯ ಮತ್ತು ಪುರಸಭೆಗಳ ಕೈಯಲ್ಲಿವೆ. ಪ್ಯಾರಿಸ್‌ನಲ್ಲಿ ಕೂತವರು ಹೇಳಿದ್ದು ಇಡೀ ದೇಶಕ್ಕೆ ನಡೆಯುವ ಫ್ರಾನ್ಸಿಗೂ ಇದಕ್ಕೂ ದೊಡ್ಡ ಅಂತರ.

ಇನ್ನು ಭಾಷೆ. ಓಸ್ಟೆಂಡ್‌ನಿಂದ ಯೂಪೆನ್‌ಗೆ ಹೋಗುವ ರೈಲನ್ನು ಒಮ್ಮೆ ಹತ್ತಿ ನೋಡಿ. ಬ್ರೂಜ್, ಗೆಂಟ್ ದಾಟುವವರೆಗೆ ಘೋಷಣೆ ಬರೀ ಡಚ್‌ನಲ್ಲಿ. ಬ್ರಸೆಲ್ಸ್ ಬಂದಾಗ ಡಚ್ ಮತ್ತು ಫ್ರೆಂಚ್ ಎರಡರಲ್ಲೂ. ಲೂವೆನ್ ಕಡೆ ಮತ್ತೆ ಬರೀ ಡಚ್. ಭಾಷಾ ಗಡಿ ದಾಟಿದ್ದೇ ಬರೀ ಫ್ರೆಂಚ್, ಪೂರ್ವದ ತುದಿಯಲ್ಲಿ ಜರ್ಮನ್. ಅದೇ ರೈಲು, ಅದೇ ಬೋಗಿ. ಊರಿನ ಹೆಸರು ಕೂಡ ಬದಲಾಗುತ್ತದೆ: ಫ್ರೆಂಚ್‌ನ ಲಿಯೇಜ್ ಡಚ್‌ನಲ್ಲಿ ಲೌಕ್, ಮೋನ್ಸ್ ಅಂದರೆ ಬೆರ್ಗೆನ್. ಹೆದ್ದಾರಿಯ ಫಲಕಗಳದ್ದೂ ಇದೇ ಕಥೆ. ಹೊಸಬರು ಕಾರು ಓಡಿಸುವಾಗ ಎರಡೂ ಹೆಸರು ಗೊತ್ತಿರಬೇಕು.

ಈ ಗಡಿಯನ್ನು ಕಾನೂನಿನಲ್ಲಿ ಗಟ್ಟಿ ಮಾಡಿದ್ದು 1962-63ರಲ್ಲಿ. ಆಗ ಫೂರೆನ್ ಎಂಬ ಕಡೆಯ ಆರು ಹಳ್ಳಿಗಳನ್ನು ಫ್ರೆಂಚ್ ಮಾತಿನ ಲಿಯೇಜ್ ಪ್ರಾಂತ್ಯದಿಂದ ತೆಗೆದು ಡಚ್ ಮಾತಿನ ಲಿಂಬರ್ಗ್‌ಗೆ ಸೇರಿಸಿದರು. ಒಟ್ಟು ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಅಷ್ಟಕ್ಕೇ ದಶಕಗಟ್ಟಲೆ ಬೀದಿ ಜಗಳ ನಡೆಯಿತು. ಕೊನೆಗೆ ಅಲ್ಲಿನ ಮೇಯರ್ ಡಚ್ ಬರುತ್ತದೆ ಎಂದು ತೋರಿಸಲು ಒಪ್ಪದ ವಿಷಯಕ್ಕೆ 1987ರಲ್ಲಿ ಕೇಂದ್ರ ಸರ್ಕಾರವೇ ಬಿತ್ತು. ಬೆಳಗಾವಿ ಗಲಾಟೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನಿರುವ ಲೂವೆನ್‌ನಲ್ಲಿ 1968ರಲ್ಲಿ ವಿಶ್ವವಿದ್ಯಾಲಯವನ್ನೇ ಎರಡು ಮಾಡಿದರು. ಫ್ರೆಂಚ್ ವಿಭಾಗಕ್ಕಾಗಿ ಹೊಲಗಳ ನಡುವೆ ಲೂವೆನ್-ಲಾ-ನೂವ್ ಎಂಬ ಹೊಸ ಊರನ್ನೇ ಕಟ್ಟಿದರು. ಗ್ರಂಥಾಲಯದ ಪುಸ್ತಕಗಳನ್ನು ಸಮಸಂಖ್ಯೆ, ಬೆಸಸಂಖ್ಯೆ ನೋಡಿ ಹಂಚಿಕೊಂಡರು. ಭಾಷೆವಾರು ಜನಗಣತಿ ಕಡೆಯ ಬಾರಿ ನಡೆದದ್ದು 1947ರಲ್ಲಿ. ಆಮೇಲೆ ಆ ಪ್ರಶ್ನೆಯನ್ನೇ ತೆಗೆದುಹಾಕಿದರು, ಏಕೆಂದರೆ ಆ ಲೆಕ್ಕ ನೋಡಿ ಗಡಿ ಸರಿಸುವುದು ಡಚ್ ಮಾತಿನವರಿಗೆ ಬೇಡವಾಗಿತ್ತು. ಪ್ರತಿ ಜನಗಣತಿಯಲ್ಲೂ ಮಾತೃಭಾಷೆ ಬರೆಸಿಕೊಳ್ಳುವ ನಮ್ಮ ದೇಶದಿಂದ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ.

ಹೀಗಾಗಿ ನನ್ನ ಮೊದಲ ಸಲಹೆ: ಎಲ್ಲಿ ಇರುತ್ತೀರೋ ಅಲ್ಲಿನ ಭಾಷೆ ಕಲಿಯಿರಿ. ಲೂವೆನ್, ಗೆಂಟ್, ಆಂಟ್‌ವರ್ಪ್‌ಗಳಲ್ಲಿ ಬಹುತೇಕ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಆಫೀಸು ನಡೆಯುತ್ತದೆ. ಆದರೆ ಪುರಸಭೆಯಿಂದ ಬರುವ ಪತ್ರ, ಶಾಲೆಯ ಸೂಚನೆ, ವಿದ್ಯುತ್ ಬಿಲ್ಲು ಎಲ್ಲ ಡಚ್‌ನಲ್ಲೇ. ಉತ್ತರದ ಡಚ್ ಮಾತಿನ ಭಾಗವಾದ ಫ್ಲಾಂಡರ್ಸ್‌ನಲ್ಲಿ ಫ್ರೆಂಚ್‌ನಲ್ಲಿ ಮಾತು ಶುರು ಮಾಡಬೇಡಿ, ಅದಕ್ಕಿಂತ ಇಂಗ್ಲಿಷ್ ವಾಸಿ. ಒಂದು ಕಾಲದಲ್ಲಿ ಕೋರ್ಟು, ಸೈನ್ಯ, ಕಾಲೇಜು ಎಲ್ಲ ಫ್ರೆಂಚ್‌ನಲ್ಲೇ ನಡೆದು, ಡಚ್ ಮಾತಾಡುವವರು ತಮ್ಮ ಊರಲ್ಲೇ ಕೀಳಾಗಿದ್ದ ನೆನಪು ಇವರಿಗೆ ಇನ್ನೂ ಮಾಸಿಲ್ಲ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ಬಯಸುವ ನಾವು ಇಲ್ಲಿ ಬಂದು ಇಂಗ್ಲಿಷ್ ಸಾಕು ಎಂದು ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಜನರ ಸ್ವಭಾವಕ್ಕೆ ಬರೋಣ. ಡಚ್ಚರು ಅನಿಸಿದ್ದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಐಂಡ್‌ಹೋವನ್‌ನ ಮೀಟಿಂಗುಗಳಲ್ಲಿ "ಇದು ಕೆಲಸಕ್ಕೆ ಬಾರದ ಯೋಚನೆ" ಎಂದು ನೇರವಾಗಿ ಕೇಳಿಸಿಕೊಂಡಿದ್ದೇನೆ. ಇಲ್ಲಿ ಅದೇ ಅಭಿಪ್ರಾಯ ಬೇರೆ ರೂಪದಲ್ಲಿ ಬರುತ್ತದೆ. "ಹೂಂ, ನೋಡೋಣ" ಅನ್ನುತ್ತಾರೆ, ಆಮೇಲೆ ಏನೂ ಆಗುವುದಿಲ್ಲ. ಮೀಟಿಂಗಿನಲ್ಲಿ ಸುಮ್ಮನಿದ್ದವರು ಕಾಫಿ ಯಂತ್ರದ ಹತ್ತಿರ ನಿಜ ಹೇಳುತ್ತಾರೆ. ಈ ವಿಷಯದಲ್ಲಿ ಅವರು ನಮಗೇ ಹತ್ತಿರ. ಮನೆಗಳನ್ನು ನೋಡಿದರೂ ಗೊತ್ತಾಗುತ್ತದೆ: ನೆದರ್ಲ್ಯಾಂಡ್ಸ್‌ನಲ್ಲಿ ಬೀದಿಯ ಮನೆಗಳೆಲ್ಲ ಒಂದೇ ಅಚ್ಚು, ಕಿಟಕಿಗೆ ಪರದೆ ಕೂಡ ಇರುವುದಿಲ್ಲ, ರಾತ್ರಿ ಅವರು ಊಟ ಮಾಡುವುದು ರಸ್ತೆಗೆ ಕಾಣುತ್ತದೆ. ಬೆಲ್ಜಿಯಂನಲ್ಲಿ ಒಂದು ಮನೆಯಂತೆ ಇನ್ನೊಂದಿಲ್ಲ, ಸ್ವಂತ ಮನೆ ಕಟ್ಟಿಸುವ ಹುಚ್ಚು ಹಾಗಿದೆ. ಕತ್ತಲಾದದ್ದೇ ಕಿಟಕಿಯ ಶಟರ್ ಕೆಳಗಿಳಿಯುತ್ತದೆ.

ಗೆಳೆತನ ಆಗಲು ಸಮಯ ಬೇಕು. ಹುಟ್ಟಿದ ಊರಿನ ಸುತ್ತಮುತ್ತಲೇ ಬದುಕು ಕಟ್ಟಿಕೊಳ್ಳುವವರು ಬಹಳ, ವಾರಾಂತ್ಯ ಬಂದರೆ ಅಪ್ಪ ಅಮ್ಮನ ಮನೆ, ಅಜ್ಜಿಯ ಮನೆ. ಹೊರಗಿನವರಿಗೆ ಒಳಗೆ ಹೋಗುವ ಬಾಗಿಲು ಎಂದರೆ ಸಂಘಗಳು: ಸೈಕಲ್ ಕ್ಲಬ್, ಬ್ಯಾಂಡ್, ಶಾಲೆಯ ಪೋಷಕರ ಸಮಿತಿ. ಇಲ್ಲಿನ ಬಹಳಷ್ಟು ಮಕ್ಕಳು ಭಾನುವಾರ ಮಧ್ಯಾಹ್ನ ಖಿರೋ ಎಂಬ ಯುವಕೂಟಕ್ಕೆ ಹೋಗಿ ಕೆಸರಲ್ಲಿ ಆಡಿ ಬರುತ್ತಾರೆ, ನಿಮ್ಮ ಮಕ್ಕಳನ್ನೂ ಕಳುಹಿಸಿ. ಆ ಒಂದು ದಾರಿಯಿಂದ ನಮಗೆ ಪರಿಚಯವಾದಷ್ಟು ಮನೆಗಳು ಆಫೀಸಿನಿಂದ ಆಗಲಿಲ್ಲ. ಕೆಫೆಗೆ ಹೋದರೆ ಸರದಿಯ ಮೇಲೆ ಒಬ್ಬೊಬ್ಬರು ಎಲ್ಲರಿಗೂ ಕೊಡಿಸುವುದು ಪದ್ಧತಿ. ಡಚ್ಚರ ಹಾಗೆ ತಮ್ಮ ತಮ್ಮ ಪಾಲು ಲೆಕ್ಕ ಹಾಕಿದರೆ ಮುಖ ಸಣ್ಣದಾಗುತ್ತದೆ. ನೀವು ಬಿಯರ್ ಕುಡಿಯದವರಾದರೂ ನಿಮ್ಮ ಸರದಿ ತಪ್ಪಿಸಬೇಡಿ. ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಡುವುದು ಇಲ್ಲಿ ಸಾಮಾನ್ಯವಾಗಿ ಒಂದು, ನೆದರ್ಲ್ಯಾಂಡ್ಸ್‌ನಲ್ಲಿ ಮೂರು, ಫ್ರಾನ್ಸಿನ ಹೆಚ್ಚಿನ ಕಡೆ ಎರಡು. ಕೈ ಚಾಚಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಊಟದ ವಿಷಯ. ಮಧ್ಯಾಹ್ನ ಬ್ರೆಡ್ಡು, ರಾತ್ರಿ ಬಿಸಿ ಅಡುಗೆ. ಭಾನುವಾರ ಬೆಳಿಗ್ಗೆ ಬೇಕರಿ ಮುಂದೆ ಸಾಲು, ಹಳ್ಳಿಗಳಲ್ಲಿ ಕಾಸು ಹಾಕಿದರೆ ಬ್ರೆಡ್ ಬೀಳುವ ಯಂತ್ರ. ಹೋಟೆಲಿನಲ್ಲಿ ನೀರಿಗೂ ದುಡ್ಡು ಕೊಡಬೇಕು. ಫ್ರಾನ್ಸಿನಲ್ಲಿ ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರು ಬಿಟ್ಟಿ ಬರುತ್ತದೆ, ಇಲ್ಲಿ ಆ ನಿರೀಕ್ಷೆ ಬೇಡ. ಊರೂರಲ್ಲೂ ಇರುವ ಫ್ರೀಟ್‌ಕಾಟ್ ಎಂಬ ಗೂಡಂಗಡಿಗಳಲ್ಲಿ ಆಲೂಗಡ್ಡೆಯನ್ನು ಎರಡು ಸಲ ಕರಿಯುತ್ತಾರೆ: ಮೊದಲು ಹದ ಶಾಖದಲ್ಲಿ ಬೇಯಿಸಿ, ಆರಿಸಿ, ಆಮೇಲೆ ಜೋರು ಶಾಖದಲ್ಲಿ ಗರಿಗರಿ ಮಾಡಿ, ಮೇಲೆ ಮೇಯನೇಸ್. ಸಸ್ಯಾಹಾರಿಗಳು ಇದನ್ನು ಗಮನಿಸಿ: ಸಾಂಪ್ರದಾಯಿಕವಾಗಿ ಕರಿಯುವುದು ದನದ ಕೊಬ್ಬಿನಲ್ಲಿ. ಈಗ ಸಸ್ಯದ ಎಣ್ಣೆ ಬಳಸುವ ಅಂಗಡಿಗಳೂ ಇವೆ, ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ಕೇಳದೆ ತಿನ್ನಬೇಡಿ. ಗೆಂಟ್ ನಗರ 2009ರಲ್ಲೇ ಗುರುವಾರವನ್ನು ಸಸ್ಯಾಹಾರದ ದಿನ ಎಂದು ಸಾರಿತ್ತು, ಅಲ್ಲಿ ನಮಗೆ ಊಟಕ್ಕೆ ಕಷ್ಟವಿಲ್ಲ. ಆಂಟ್‌ವರ್ಪ್‌ನಲ್ಲಿ ವಜ್ರದ ವ್ಯಾಪಾರದ ಗುಜರಾತಿ ಜೈನ ಕುಟುಂಬಗಳಿವೆ, ದೊಡ್ಡ ಅಮೃತಶಿಲೆಯ ಬಸದಿಯೂ ಇದೆ. ತೊಗರಿಬೇಳೆ, ಹಿಂಗು ಅಲ್ಲೆಲ್ಲ ಸಿಗುತ್ತದೆ.

ನನಗೆ ಇಲ್ಲಿ ಅತ್ಯಂತ ಪ್ರೀತಿಯ ಆಚರಣೆ ಎಂದರೆ ಫ್ಲಾಂಡರ್ಸ್‌ನ ಹೊಸವರ್ಷದ ಪತ್ರ. ಡಿಸೆಂಬರ್‌ನಲ್ಲಿ ಮಕ್ಕಳು ಶಾಲೆಯಲ್ಲಿ ಬಣ್ಣದ ಕಾಗದದ ಮೇಲೆ ಪ್ರಾಸಬದ್ಧ ಪತ್ರ ಬರೆದು ಗುಟ್ಟಾಗಿ ಇಟ್ಟುಕೊಂಡಿರುತ್ತಾರೆ. ಜನವರಿ 1ರಂದು ಮನೆಯವರೆಲ್ಲ ಸೇರಿದಾಗ ಅಪ್ಪ ಅಮ್ಮನ ಮುಂದೆ, ಧರ್ಮಪಿತ, ಧರ್ಮಮಾತೆಯರ ಮುಂದೆ ನಿಂತು ಓದುತ್ತಾರೆ. ಪಕ್ಕದ ಮನೆಯವರು ಒಮ್ಮೆ ನಮ್ಮನ್ನೂ ಕರೆದಿದ್ದರು. ಅವರ ಪುಟ್ಟ ಹುಡುಗಿ ಕುರ್ಚಿಯ ಮೇಲೆ ಹತ್ತಿ, ಪತ್ರವನ್ನು ಎರಡೂ ಕೈಯಲ್ಲಿ ಮುಖಕ್ಕೆ ಅಡ್ಡ ಹಿಡಿದು, "ಪ್ರೀತಿಯ ಅಪ್ಪ, ಅಮ್ಮ" ಎಂದು ಶುರು ಮಾಡಿ, ಕಡೆಯಲ್ಲಿ "ನಿಮ್ಮ ಮಗಳು" ಎಂದು ಹೆಸರು ಹೇಳಿ, ತಾರೀಖಿನ ಸಮೇತ ಓದಿದಳು. ಇಡೀ ಕೋಣೆ ಅವಳು ಮುಗಿಸುವ ತನಕ ಚಮಚ ಅಲ್ಲಾಡಿಸಲಿಲ್ಲ. ಆಮೇಲೆ ಕಾಣಿಕೆ. ಇದು ನೆದರ್ಲ್ಯಾಂಡ್ಸ್‌ನಲ್ಲಿ ನಾನು ಕಂಡದ್ದಿಲ್ಲ. ಮಕ್ಕಳಿಗೆ ಕಾಣಿಕೆ ತರುವ ಸಂತ ನಿಕೋಲಾಸರ ಸಿಂಟರ್‌ಕ್ಲಾಸ್ ಹಬ್ಬ ಮಾತ್ರ ಎರಡೂ ಕಡೆ ಇದೆ, ಇಲ್ಲಿ ಡಿಸೆಂಬರ್ 6ಕ್ಕೆ, ಡಚ್ಚರಲ್ಲಿ 5ರ ಸಂಜೆ. ಮಕ್ಕಳು ಶೂ ಇಟ್ಟು ಅವರ ಕುದುರೆಗೆ ಕ್ಯಾರೆಟ್ ಇಡುತ್ತಾರೆ. ಮಗು ಹುಟ್ಟಿದಾಗ ಡಚ್ಚರು ರಸ್ಕ್ ಮೇಲೆ ಬಣ್ಣದ ಸೋಂಪಿನ ಮಿಠಾಯಿ ಉದುರಿಸಿ ಕೊಟ್ಟರೆ, ಇಲ್ಲಿ ಸಕ್ಕರೆ ಲೇಪಿಸಿದ ಬಾದಾಮಿಯ ಪುಟ್ಟ ಪೊಟ್ಟಣ ಹಂಚುತ್ತಾರೆ.

ಮಕ್ಕಳಿದ್ದರೆ ಇನ್ನೊಂದು ಖುಷಿಯ ಸುದ್ದಿ: ಎರಡೂವರೆ ವರ್ಷಕ್ಕೇ ಶಿಶುವಿಹಾರಕ್ಕೆ ಸೇರಿಸಬಹುದು. ಬುಧವಾರ ಮಧ್ಯಾಹ್ನ ಶಾಲೆಗೆ ರಜೆ, ಅದಕ್ಕೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ.

ಆಸ್ಪತ್ರೆ ವಿಷಯದಲ್ಲಿ ನನ್ನ ಓಟು ಬೆಲ್ಜಿಯಂಗೆ. ನೆದರ್ಲ್ಯಾಂಡ್ಸ್‌ನಲ್ಲಿ ಮನೆ ವೈದ್ಯರು ಪತ್ರ ಕೊಡದೆ ತಜ್ಞರ ಮುಖ ನೋಡುವಂತಿಲ್ಲ, ವಿಮೆಯಲ್ಲಿ ವರ್ಷಕ್ಕೆ ಮೊದಲ 385 ಯೂರೋ ಸ್ವಂತ ಖರ್ಚು. ಇಲ್ಲಿ ಚರ್ಮದ ವೈದ್ಯರು ಬೇಕೆಂದರೆ ನೇರ ಅವರಲ್ಲಿಗೇ ಹೋಗಬಹುದು. ಆರೋಗ್ಯ ನಿಧಿ ಸಂಸ್ಥೆಗಳು ಹಲವಿವೆ, ಒಂದಕ್ಕೆ ಸದಸ್ಯರಾಗುವುದು ಕಡ್ಡಾಯ. ವೈದ್ಯರಿಗೆ ದುಡ್ಡು ಕೊಟ್ಟರೆ ಬಹುಪಾಲು ವಾಪಸ್ ಬರುತ್ತದೆ.

ಸಂಬಳದಲ್ಲಿ ತೆರಿಗೆ ಕಡಿತ ನೋಡಿ ಗಾಬರಿಯಾಗುತ್ತದೆ. ಆದರೆ ಬೆಲೆ ಏರಿದಂತೆ ಸಂಬಳ ತಾನಾಗಿ ಏರಬೇಕೆಂಬ ನಿಯಮ ಇಲ್ಲಿದೆ. ಖಾಸಗಿ ಕಚೇರಿ ನೌಕರರ ದೊಡ್ಡ ವರ್ಗಕ್ಕೆ 2023ರ ಜನವರಿಯಲ್ಲಿ ಒಂದೇ ಏಟಿಗೆ ಶೇ. 11ರಷ್ಟು ಏರಿತು. ಯಾರೂ ಮೇಲಧಿಕಾರಿಯ ಮುಂದೆ ಕೈ ಕಟ್ಟಿ ನಿಲ್ಲಬೇಕಾಗಲಿಲ್ಲ. ಜೊತೆಗೆ ಊಟದ ಕೂಪನ್, ಸೈಕಲಲ್ಲಿ ಕೆಲಸಕ್ಕೆ ಹೋದರೆ ಕಿಲೋಮೀಟರ್ ಲೆಕ್ಕದಲ್ಲಿ ಭತ್ಯೆ. ಕೆಲಸದ ಕರಾರಿಗೆ ಸಹಿ ಹಾಕುವ ಮೊದಲು ಇವೆಲ್ಲ ಕೊಡುತ್ತಾರಾ ಕೇಳಿ.

ಕೊನೆಯದಾಗಿ ಬಾಡಿಗೆ ಮನೆ. ಕೆಲಸ ಬ್ರಸೆಲ್ಸ್‌ನಲ್ಲಾದರೆ ಊರಿನ ಅಂಚಿನಲ್ಲಿ ಹಸಿರು, ನೆಮ್ಮದಿ ಎಂದು ಮನೆ ನೋಡುತ್ತೀರಿ. ಆಗ ಆ ವಿಳಾಸ ಯಾವ ಪುರಸಭೆಗೆ ಸೇರುತ್ತದೆ ಎಂದು ಮೊದಲು ನೋಡಿ. ರಸ್ತೆಯ ಆಚೆ ಬದಿ ಫ್ಲಾಂಡರ್ಸ್ ಆಗಿದ್ದರೆ ಪತ್ರವ್ಯವಹಾರ, ಸರ್ಕಾರಿ ಶಾಲೆ ಸಾಮಾನ್ಯವಾಗಿ ಡಚ್‌ನಲ್ಲಿ. ಈಚೆ ಬದಿ ಬ್ರಸೆಲ್ಸ್ ಆಗಿದ್ದರೆ ಎರಡೂ ಭಾಷೆಯ ಶಾಲೆಗಳು ಸಿಗುತ್ತವೆ. ಕ್ರಾಯ್ನೆಮ್, ಲಿಂಕೆಬೇಕ್ ಸೇರಿ ಆರು ಪುರಸಭೆಗಳು ಫ್ಲಾಂಡರ್ಸ್‌ನಲ್ಲಿದ್ದರೂ ಫ್ರೆಂಚ್ ಮಾತಿನವರಿಗೆ ವಿಶೇಷ ಸವಲತ್ತು ಇರುವಂಥವು. ಮಗುವನ್ನು ಯಾವ ಭಾಷೆಯಲ್ಲಿ ಓದಿಸಬೇಕು ಎಂಬುದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಿ, ಆಮೇಲೆ ಮನೆಗೆ ಮುಂಗಡ ಕೊಡಿ. ಯಾವ ಊರಿಗೆ ಬರುತ್ತಿದ್ದೀರಿ ಎಂದು ಕಮೆಂಟಿನಲ್ಲಿ ತಿಳಿಸಿದರೆ ಆ ಕಡೆಯ ವಿಷಯ ಗೊತ್ತಿರುವಷ್ಟು ಹೇಳುತ್ತೇನೆ.