ಜಂಬು ಅಂದರೆ ನೇರಳೆ ಅಲ್ವಾ?

ಪ್ರಶ್ನೆ: ಮಗನ ಮನೆಗೆಂದು ಹೋಗಿ ಎರಡು ತಿಂಗಳು ಕೌಲಾಲಂಪುರದಲ್ಲಿದ್ದೆ. ಅಲ್ಲಿ ಗಂಟೆಯ ಆಕಾರದ ಗುಲಾಬಿ ಹಣ್ಣಿಗೆ 'ಜಂಬು ಆಯರ್' ಅನ್ನುತ್ತಾರೆ. ನಮ್ಮ ಸೀಬೆಗೆ 'ಜಂಬು ಬಾತು'. ನನ್ನ ಗುಲಾಬಿ ಸೀರೆ ನೋಡಿ ಪಕ್ಕದ ಮನೆಯಾಕೆ 'ಮೇರಾಹ್ ಜಂಬು, ಚೆನ್ನಾಗಿದೆ' ಅಂದರು. ನಮ್ಮ ಮನೆಯವರು ದಿನಾ ಸಂಕಲ್ಪದಲ್ಲಿ 'ಜಂಬೂದ್ವೀಪೇ' ಅನ್ನುವುದು ಕೇಳಿಕೊಂಡು ಬಂದವಳು ನಾನು. ಜಂಬು ಅಂದರೆ ನೇರಳೆ ಅಲ್ವಾ? ಅದು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಯಾವಾಗ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಹೌದು, ಸಂಸ್ಕೃತದ ಜಂಬು ನೇರಳೆಯೇ. ಹಿಂದಿಯ ಜಾಮುನ್, ಮರಾಠಿಯ ಜಾಂಭೂಳ್ ಎಲ್ಲ ಅದರ ಮಕ್ಕಳು. ನಮಗೆ ಮೊದಲೇ ನೇರಳೆ ಅನ್ನುವ ಪದ ಇತ್ತು, ತೆಲುಗರಿಗೆ ನೇರೇಡು, ತಮಿಳರಿಗೆ ನಾವಲ್, ಹಾಗಾಗಿ ಹಣ್ಣಿನ ಹೆಸರಾಗಿ ಜಂಬು ನಮ್ಮ ಬಾಯಿಗೆ ಹತ್ತಲಿಲ್ಲ. ಆದರೂ ಬಿಟ್ಟು ಹೋಗಲಿಲ್ಲ ನೋಡಿ. ಮದುವೆ ಊಟದಲ್ಲಿ ಬಟ್ಟಲಿಗೆ ಎರಡೆರಡು ಹಾಕುತ್ತಾರಲ್ಲ, ಆ ಜಾಮೂನಿಗೆ ಹೆಸರು ಬಂದದ್ದು ಜಾಮುನ್ ಹಣ್ಣಿನಿಂದಲೇ. ಮರದಿಂದ ಉದುರಿದರೆ ನೇರಳೆ, ಪಾಕದಲ್ಲಿ ಬಿದ್ದರೆ ಜಂಬು!

ಈಗ ನಿಮ್ಮ ಕೌಲಾಲಂಪುರಕ್ಕೆ ಬರೋಣ. ಮಲಯ ಭಾಷೆಗೆ ಸಂಸ್ಕೃತದ ನಂಟು ಬಹಳ ಹಳೆಯದು. ಸುಮಾತ್ರಾದ ಪಾಲೆಂಬಾಂಗ್ ಹತ್ತಿರ ಸಿಕ್ಕಿದ 683ರ ಶಾಸನ ಹಳೆಯ ಮಲಯದಲ್ಲಿದೆ, ಅದರಲ್ಲಿ 'ಸಿದ್ಧಯಾತ್ರಾ' ಅಂತ ನಮಗೆ ನೇರವಾಗಿ ಅರ್ಥವಾಗುವ ಮಾತೇ ಇದೆ. ಈಗಲೂ ಅವರಿಗೆ ಹೆಸರು ಅಂದರೆ 'ನಾಮ', ಭಾಷೆ ಅಂದರೆ 'ಬಹಾಸ'. ಜಂಬು ಹೋದದ್ದೂ ಈ ನಂಟಿನಲ್ಲೇ. ಆದರೆ ಅಲ್ಲಿ ಅದು ನೇರಳೆಯ ಹೆಸರಾಗಿ ನಿಲ್ಲಲಿಲ್ಲ. ನೇರಳೆಯ ದಾಯಾದಿಗಳು ಅಲ್ಲಿನ ಹಿತ್ತಲಲ್ಲೇ ಬೆಳೆಯುತ್ತಿದ್ದವು, ಕೆಂಪು, ಗುಲಾಬಿ, ಬಿಳಿ ಬಣ್ಣದವು, ಹೆಸರು ಅವುಗಳ ಪಾಲಾಯಿತು. ಪಾಪ, ನಿಜವಾದ ನೇರಳೆಗೆ ಜಾವಾದಲ್ಲಿ 'ದುವೆತ್' ಅನ್ನುತ್ತಾರೆ, ಥಾಯ್ಲೆಂಡಿನಲ್ಲಿ 'ವಾ'.

ಎರಡನ್ನೂ ತಿಂದು ನೋಡಿದರೆ ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತದೆ. ನೇರಳೆ ಒಗರು, ಗಂಟಲು ಹಿಡಿಯುತ್ತದೆ, ನಾಲಿಗೆ ಚಾಚಿ ಯಾರದು ಜಾಸ್ತಿ ಬಣ್ಣ ಅಂತ ಮಕ್ಕಳು ಪಂದ್ಯ ಕಟ್ಟುತ್ತಾರೆ, ಬಿಳಿ ಅಂಗಿಗೆ ತಾಗಿದರೆ ಮುಗಿಯಿತು. ಜಂಬು ಆಯರ್ ಹಾಗಲ್ಲ. ಕಚ್ಚಿದರೆ ಕರಕ್ ಅನ್ನುತ್ತದೆ, ಬಾಯಿ ತುಂಬ ನೀರು. ನಡುವೆ ಹತ್ತಿಯಂಥ ಬಿಳಿ ತಿರುಳು, ಸಿಹಿ ಇದೆಯೋ ಇಲ್ಲವೋ ಅನ್ನುವಷ್ಟು. ಸುಮ್ನೆ ತಿಂದರೆ ಸಪ್ಪೆ, ಉಪ್ಪು ಖಾರ ಬೇಕೇ ಬೇಕು. 'ಆಯರ್' ಅಂದರೆ ನೀರು, ಹೆಸರು ಸರಿಯಾಗಿಯೇ ಇದೆ.

ಸೀಬೆ ಈ ಗುಂಪಿಗೆ ಸೇರಿದ್ದು ತಡವಾಗಿ. ಸೀಬೆಯೂ ಗೇರೂ ಅಮೆರಿಕ ಖಂಡದವು, ಪೋರ್ಚುಗೀಸರು, ಸ್ಪೇನಿನವರು ಈ ಕಡೆ ಬಂದ ಮೇಲೆ ಬಂದವು. ಹೊಸ ಹಣ್ಣಿಗೆ ಹೊಸ ಹೆಸರು ಯಾರು ಹುಡುಕುತ್ತಾರೆ? ಇದ್ದ ಹೆಸರಿಗೇ ಬಾಲ ಹಚ್ಚಿದರು. ಮಲೇಶಿಯಾದಲ್ಲಿ ಸೀಬೆ 'ಜಂಬು ಬಾತು', ಅಂದರೆ ಕಲ್ಲು ಜಂಬು. ಇಂಡೊನೇಶಿಯಾದಲ್ಲಿ ಅದೇ 'ಜಂಬು ಬಿಜಿ'. ಈ ಬಿಜಿ ನಮ್ಮ ಬೀಜವೇ, ಎರಡೂ ಪದ ಸಂಸ್ಕೃತದವು, ಹಣ್ಣು ಮಾತ್ರ ಅಮೆರಿಕದ್ದು! ಗೇರುಹಣ್ಣು 'ಜಂಬು ಮೊನ್ಯೆತ್', ಕೋತಿ ಜಂಬು. ಇದು ಅವರೊಬ್ಬರ ಚಾಳಿಯಲ್ಲ, ಗುಜರಾತಿಗಳೂ ಸೀಬೆಗೆ 'ಜಾಮ್‌ಫಳ್' ಅನ್ನುತ್ತಾರೆ. ಹಾಗಂತ ಸೀಬೆಗೆ ಈ ಹೆಸರು ತೀರಾ ಹೊಂದದ್ದೇನೂ ಅಲ್ಲ. ಸಸ್ಯಶಾಸ್ತ್ರದಲ್ಲಿ ಸೀಬೆ, ನೇರಳೆ, ಜಂಬು ಆಯರ್ ಮೂರೂ ಒಂದೇ ಕುಟುಂಬ. ಒಂದು ಸೀಬೆಯನ್ನು ತಲೆಕೆಳಗು ಮಾಡಿ ನೋಡಿ, ಬುಡದಲ್ಲಿ ಒಣಗಿದ ಪುಟ್ಟ ಕಿರೀಟ ಇರುತ್ತದೆ. ಜಂಬು ಆಯರ್‌ನ ಬುಡದಲ್ಲೂ ಅದೇ. ಗೇರು ಮಾತ್ರ ಮಾವಿನ ಕುಟುಂಬದ್ದು, ಅದು ಆಕಾರದಿಂದ ಒಳಗೆ ಬಂದಿರಬೇಕು.

ಇಲ್ಲಿಗೆ ನಿಮ್ಮ ಸೀರೆಗೆ ಉತ್ತರ ಸಿಕ್ಕಿತು. ನಮಗೆ 'ನೇರಳೆ ಬಣ್ಣ' ಅಂದರೆ ಊದಾ, ಮರಾಠಿಯ 'ಜಾಂಭಳಾ' ಕೂಡ ಅದೇ. ಮಲಯರ ಕಣ್ಣ ಮುಂದಿದ್ದ ಜಂಬು ಗುಲಾಬಿಯದು, ಅದಕ್ಕೇ 'ಮೇರಾಹ್ ಜಂಬು', ಜಂಬು ಕೆಂಪು. ಥಾಯ್ ಭಾಷೆಯಲ್ಲಿ ಹಣ್ಣೂ 'ಚೊಂಫು', ಗುಲಾಬಿ ಬಣ್ಣವೂ 'ಚೊಂಫು', ದನಿಯ ಏರಿಳಿತ ಮಾತ್ರ ಬೇರೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಚೀನೀ ಭಾಷೆಯ ಕತೆ. ಅಲ್ಲಿಗೆ ಜಂಬು ಎರಡು ಸಲ ಹೋಗಿದೆ. ಮೊದಲು ಬೌದ್ಧ ಗ್ರಂಥಗಳ ಜೊತೆ: ಜಂಬೂದ್ವೀಪ ಅನ್ನುವುದನ್ನು ಅನುವಾದಕರು 'ಯೆನ್‌ಫು' ಅಂತ ಬರೆದರು, 7ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದು ಹೋದ ಹ್ಯುಯೆನ್‌ತ್ಸಾಂಗ್ ಅದು ಸರಿಯಿಲ್ಲ ಅಂತ 'ಶಾನ್‌ಬು' ಮಾಡಿದ. ಎರಡನೆಯದು ಹಣ್ಣಿನ ಬುಟ್ಟಿಯಲ್ಲಿ. 17ನೇ ಶತಮಾನದಲ್ಲಿ ಡಚ್ಚರು ಜಾವಾದಿಂದ ತೈವಾನಿಗೆ ಗಿಡ ಒಯ್ದರು, ಅಲ್ಲಿನವರ ಬಾಯಲ್ಲಿ ಜಂಬು 'ಲಿಯೆನ್‌ಬು' ಆಯಿತು. ಬರೆಯುವಾಗ ಕಮಲ, ಮಂಜು ಅನ್ನುವ ಅರ್ಥದ ಎರಡು ಅಕ್ಷರ ಹಾಕಿದರು. ಚೆಂದವೇ, ಆದರೆ ಹಣ್ಣಿಗೂ ಕಮಲಕ್ಕೂ ಏನೂ ಸಂಬಂಧ ಇಲ್ಲ, ಬರೀ ಉಚ್ಚಾರಕ್ಕೆ ಹೊಂದಿಸಿದ್ದು. ಜಪಾನಿಗೂ ಎರಡೂ ಹೋದವು, ಅಲ್ಲಿ ದ್ವೀಪ 'ಎನ್‌ಬುದಾಯ್', ಹಣ್ಣು 'ರೆನ್‌ಬು'.

ಸಂಕಲ್ಪದ ಜಂಬು ಮಾತ್ರ ನೇರಳೆಯೇ. ಜಂಬೂದ್ವೀಪಕ್ಕೆ ಹೆಸರು ಕೊಟ್ಟ ಪುರಾಣದ ನೇರಳೆ ಮರದ ಹಣ್ಣು ಆನೆಯಷ್ಟು ದೊಡ್ಡದು, ರಸ ಹರಿದು ನದಿಯಾಗಿತ್ತಂತೆ. ಹೆಸರು ಎಷ್ಟು ಹಳೆಯದು ಅಂದರೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನದಲ್ಲೇ 'ಜಂಬುದೀಪಸಿ' ಅಂತ ಇದೆ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಪತ್ತೆ ಮಾಡಿದರು.

ಇನ್ನೊಂದು ಮಾತು. ನಿಮ್ಮ ಆ ಗುಲಾಬಿ ಹಣ್ಣು ನಮ್ಮ ಕರಾವಳಿಯಲ್ಲೂ ಬೆಳೆಯುತ್ತದೆ. ಅಲ್ಲಿ ಅದಕ್ಕೆ 'ಜಂಬು ನೇರಳೆ' ಅನ್ನುತ್ತಾರೆ. ನಡುಮಧ್ಯೆ ಅಂದ ಹಾಗೆ.

ಪ್ರಶ್ನೆ: ದಾಳಿಂಬೆಯೂ ಹೀಗೆ ಸಮುದ್ರ ದಾಟಿದೆಯೇ? (ಓದುಗರೊಬ್ಬರು, ಬಾಗಲಕೋಟೆ)

ಉತ್ತರ: ದಾಟಿದೆ, ಆದರೆ ಹಣ್ಣು ಬದಲಾಗಲಿಲ್ಲ. ಸಂಸ್ಕೃತದ ದಾಡಿಮ ಮಲಯದಲ್ಲಿ 'ದೆಲಿಮ'. ಅಲ್ಲಿ ಉಂಗುರಕ್ಕೆ ಕೂರಿಸುವ ಮಾಣಿಕ್ಯಕ್ಕೂ ಅದೇ ಹೆಸರು, 'ಬಾತು ದೆಲಿಮ' ಅಂದರೆ ದಾಳಿಂಬೆ ಕಲ್ಲು. ಹಣ್ಣು ಬಿಡಿಸಿದಾಗ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ, ಅಜ್ಜಿಯ ಕೆಂಪಿನ ಓಲೆ ನೆನಪಾಗದಿದ್ದರೆ ಕೇಳಿ.