ಓದುಗರ ಪ್ರಶ್ನೆ: ನಮ್ಮೂರ ಲೈಬ್ರರಿಯ ಚರಿತ್ರೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ಊರಿನ ಸಾರ್ವಜನಿಕ ಲೈಬ್ರರಿಯ ಚರಿತ್ರೆ ಬರೆಯಬೇಕು ಅಂತ ಆಸೆ. ಗೋಡೆಯ ಕಲ್ಲಿನಲ್ಲಿ ಉದ್ಘಾಟನೆ ಮಾಡಿದವರ ಹೆಸರಿದೆ, ಅಷ್ಟೇ. ಎಲ್ಲಿಂದ ಶುರು ಮಾಡಲಿ?
– ಮಂಡ್ಯ ಜಿಲ್ಲೆಯ ಓದುಗರೊಬ್ಬರು

ಉತ್ತರ: ಆ ಕಲ್ಲನ್ನು ಕೊನೆಗೆ ನೋಡಿದರೂ ಆಗುತ್ತದೆ. ಮೊದಲು ಅಕ್ಸೆಷನ್ ರಿಜಿಸ್ಟರ್ ಕೇಳಿ. ಮೈಸೂರಿನಲ್ಲಿ ಗ್ರಂಥಪಾಲಕಿಯಾಗಿ ನಾನು ದಿನವೂ ಮುಟ್ಟುತ್ತಿದ್ದ ದಪ್ಪ ವಹಿ ಅದು. ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಅದರಲ್ಲಿ ಒಂದು ಸಾಲು. ಕ್ರಮಸಂಖ್ಯೆ, ಬಂದ ದಿನ, ಬರೆದವರು, ಪ್ರಕಾಶಕರು, ಬೆಲೆ, ಕೊಂಡದ್ದೋ ದಾನ ಬಂದದ್ದೋ, ಎಲ್ಲ ಇರುತ್ತದೆ. ಪುಸ್ತಕ ಹರಿದು ರದ್ದಾದರೆ ಅದೂ ಅಲ್ಲೇ.

ಸುಮ್ನೆ ಪುಟ ತಿರುವಿದರೂ ಸಾಕು, ಊರು ಕಾಣಿಸುತ್ತದೆ. ಯಾವ ವರ್ಷ ಕಾದಂಬರಿ ಜಾಸ್ತಿ ಬಂತು, ಯಾವಾಗ ಸ್ಪರ್ಧಾ ಪರೀಕ್ಷೆಯ ಪುಸ್ತಕ ಹೆಚ್ಚಾಯಿತು, ಯಾವ ವರ್ಷ ಏನೂ ಕೊಳ್ಳಲಿಲ್ಲ. ಏನೂ ಕೊಳ್ಳದ ವರ್ಷವನ್ನು ಖಂಡಿತ ಗುರುತು ಹಾಕಿಕೊಳ್ಳಿ. ದುಡ್ಡು ಎಲ್ಲಿ ನಿಂತಿತು ಅಂತ ಹುಡುಕಲು ಅದೇ ದಾರಿ.

ಆಮೇಲೆ ಹಳೆಯ ಪುಸ್ತಕಗಳನ್ನೇ ಕೈಗೆತ್ತಿಕೊಳ್ಳಿ. ಬೆಲೆ ರೂಪಾಯಿ-ಆಣೆಯಲ್ಲಿದ್ದರೆ ಅದು ಅಚ್ಚಾದದ್ದು ಬಹುಮಟ್ಟಿಗೆ 1957ಕ್ಕೆ ಮೊದಲು, ಆ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು. ಲೈಬ್ರರಿ ಒತ್ತಿದ ಮುದ್ರೆಯಲ್ಲಿ ಮೈಸೂರು ರಾಜ್ಯ ಅಂತಿದ್ದರೆ ಆ ಮುದ್ರೆ ಮಾಡಿಸಿದ್ದು 1973ರ ನವೆಂಬರ್‌ಗೆ ಮುಂಚೆ. ಮಂಡ್ಯವೇ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದಪತ್ರ ಬೇಕಾದರೆ ಮೈಸೂರು ಜಿಲ್ಲೆಯ ದಾಖಲೆಗಳಲ್ಲಿ ಹುಡುಕಬೇಕು. ಇನ್ನು ಪುಸ್ತಕದ ಹಿಂದೆ ಅಂಟಿಸಿದ ಡ್ಯೂ ಡೇಟ್ ಚೀಟಿ, ಅಂದರೆ ಪುಸ್ತಕ ವಾಪಸು ಕೊಡಬೇಕಾದ ತಾರೀಖು ಒತ್ತುವ ಚೀಟಿ. ತಾರೀಖುಗಳು ಒತ್ತೊತ್ತಾಗಿದ್ದರೆ ಆ ಪುಸ್ತಕ ಕೈಯಿಂದ ಕೈಗೆ ಓಡಾಡಿದೆ ಅಂತ ಅರ್ಥ. ಹೊಸ ರಟ್ಟು ಹಾಕಿಸುವಾಗ ಈ ಚೀಟಿಗಳನ್ನು ಕಿತ್ತು ಎಸೆಯುತ್ತಾರೆ. ನನಗೆ ಅದು ತುಂಬಾ ನೋವಿನ ವಿಷಯ. ಸಿಕ್ಕಿದ್ದನ್ನು ಇವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ.

ಹಿನ್ನೆಲೆಯನ್ನೂ ಸ್ವಲ್ಪ ಹೇಳುತ್ತೇನೆ. ಬೆಂಗಳೂರು, ಮೈಸೂರಿನಲ್ಲಿ ಸಾರ್ವಜನಿಕ ಲೈಬ್ರರಿ ಶುರುವಾದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914-15ರ ಸುಮಾರಿಗೆ. ಚಿಕ್ಕ ಊರುಗಳಲ್ಲಿ ಸಂಘಗಳು, ಪುರಸಭೆಗಳು ವಾಚನಾಲಯ ನಡೆಸುತ್ತಿದ್ದವು. ಚಂದಾ ಬಂದರೆ ಪತ್ರಿಕೆ ಬರುತ್ತಿತ್ತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು, ಮರುವರ್ಷ ನವೆಂಬರ್ 1ರಿಂದ ಜಾರಿಗೆ ಬಂತು. ಅಲ್ಲಿಂದ ಲೈಬ್ರರಿಗೆ ಕಾನೂನಿನ ಆಸರೆ ಸಿಕ್ಕಿತು, ಜೊತೆಗೆ ಕರವೂ. ನೀವು ಕಟ್ಟುವ ಮನೆ ಕಂದಾಯದ ರಸೀದಿ ನೋಡಿ, ಗ್ರಂಥಾಲಯ ಕರ ಅಂತ ಇರುತ್ತದೆ. ರೂಪಾಯಿಗೆ ಆರು ಪೈಸೆ. ಸ್ಥಳೀಯ ಸಂಸ್ಥೆ ಅದನ್ನು ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ಎಷ್ಟೋ ಕಡೆ ಆ ಹಣ ಬಾಕಿ ಉಳಿಯುತ್ತದೆ. ನಿಮ್ಮ ಊರಲ್ಲಿ ಎಷ್ಟು ವಸೂಲಾಯಿತು, ಎಷ್ಟು ಕೈಸೇರಿತು ಅಂತ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. ಈ ಲೆಕ್ಕವಿಲ್ಲದೆ ಲೈಬ್ರರಿಯ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ ಅಂತಲೇ ನಾನು ಹೇಳುತ್ತೇನೆ. ಓದುವವರ ದುಡ್ಡು ಅದು, ಅಲ್ವಾ?

ಹಳ್ಳಿಯ ಲೈಬ್ರರಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಈಗ ಅವನ್ನು ಅರಿವು ಕೇಂದ್ರ ಅನ್ನುತ್ತಾರೆ.

ಪ್ರಶ್ನೆ: ಮೈಸೂರಿನ ಓರಿಯೆಂಟಲ್ ಲೈಬ್ರರಿಯೇ ಊರಿನ ಮೊದಲ ಸಾರ್ವಜನಿಕ ಲೈಬ್ರರಿ ಅನ್ನುತ್ತಾರೆ. ನಿಜವೇ?
– ಮೈಸೂರಿನ ವಿದ್ಯಾರ್ಥಿನಿ

ಉತ್ತರ: ಅದರ ಕೆಲಸವೇ ಬೇರೆ. 1891ರಲ್ಲಿ ಅದು ಶುರುವಾದದ್ದು ಹಸ್ತಪ್ರತಿಗಳನ್ನು ಕೂಡಿಸಿ ಕಾಪಾಡುವುದಕ್ಕೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ, 1905ರಲ್ಲಿ. 1909ರಲ್ಲಿ ಅವರೇ ಅದನ್ನು ಅಚ್ಚು ಹಾಕಿಸಿದರು. ದಿನಪತ್ರಿಕೆ ಓದಲು, ಕಾದಂಬರಿ ಎರವಲು ಒಯ್ಯಲು ಇರುವ ಲೈಬ್ರರಿ ಬೇರೆ. ಮೈಸೂರಿನ ಪುಣ್ಯ, ಎರಡೂ ಇಲ್ಲಿವೆ.

ಪ್ರಶ್ನೆ: ತಾತನವರ ಪುಸ್ತಕಗಳನ್ನು ಲೈಬ್ರರಿಗೆ ಕೊಡಬಹುದೇ?
– ಶ್ರೀರಂಗಪಟ್ಟಣದ ಓದುಗರೊಬ್ಬರು

ಉತ್ತರ: ಕೊಡಬಹುದು, ಆದರೆ ಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟು ಬರಬೇಡಿ. ಮೊದಲು ಪಟ್ಟಿ ಬರೆದು ತೋರಿಸಿ. ಅವರ ಹತ್ತಿರ ಇಲ್ಲದ್ದನ್ನು ಮಾತ್ರ ಕೊಡಿ. ಗೆದ್ದಲು, ಹುಳ ಹಿಡಿದದ್ದನ್ನು ಬೇರೆ ಇಡಿ. ಒಂದು ಸೇರಿದರೂ ಇಡೀ ಕಪಾಟಿಗೆ ಹಬ್ಬುತ್ತದೆ. ತಾತನವರ ಹೆಸರು ಅಕ್ಸೆಷನ್ ರಿಜಿಸ್ಟರ್‌ನ ದಾನಿಯ ಕಾಲಂನಲ್ಲಿ ಬರೆಯಿಸಿ. ನಿಮಗೆ ಪಾಂಡವಪುರ ಹತ್ತಿರವೇ. ಅಲ್ಲಿ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಲೇ ಅಷ್ಟು ಪುಸ್ತಕ ಕೂಡಿಸಿದವರು. ಕೊಡುವ ಮುಂಚೆ ಒಮ್ಮೆ ಅದನ್ನೂ ನೋಡಿ ಬನ್ನಿ.