ಓದುಗರ ಪ್ರಶ್ನೆ: ಕಸದ ಗುಡ್ಡೆಯ ನಾತಕ್ಕೆ ಬ್ಲೀಚಿಂಗ್ ಪೌಡರ್ ಸಾಕೇ?

ಪ್ರಶ್ನೆ: ನಮ್ಮೂರ ಹೊರಗಿನ ಕಸದ ಯಾರ್ಡ್‌ನಲ್ಲಿ ದಿನವೂ ಬ್ಲೀಚಿಂಗ್ ಪೌಡರ್ ಎರಚುತ್ತಾರೆ. ಆದರೂ ಬೆಳಗಿನ ಜಾವ ಮೂಗು ಬಿಡುವಂತಿಲ್ಲ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಏನು ಪರಿಹಾರ?

ಉತ್ತರ: ಪೌಡರ್ ತಾಗುವುದು ಮೇಲ್ಪದರಕ್ಕಷ್ಟೇ. ನಾತ ಹುಟ್ಟುವುದು ಒಳಗೆ, ಗಾಳಿಯಾಡದ ಕಡೆ. ಅಲ್ಲಿ ಹೆಚ್ಚಾಗಿ ಹುಟ್ಟುವ ಮೀಥೇನ್‌ಗೆ ವಾಸನೆಯೇ ಇಲ್ಲ. ಮೂಗಿಗೆ ಹೊಡೆಯುವುದು ಅದರೊಂದಿಗೆ ಚೂರುಪಾರು ಹೊರಬರುವ ಹೈಡ್ರೋಜನ್ ಸಲ್ಫೈಡ್ ಮತ್ತು ಅಮೋನಿಯಾ. ರಾತ್ರಿ ನೆಲ ತಣ್ಣಗಾದಾಗ ಗಾಳಿ ಮೇಲೇಳದೆ ತಗ್ಗಿನತ್ತ ಹರಿಯುತ್ತದೆ. ಬೆಳಗಿನ ಜಾವದ ಕಾಟಕ್ಕೆ ಇದೇ ಕಾರಣ.

ಮದ್ದು ಮಣ್ಣು. ಲಾರಿಗಳು ಸಿಕ್ಕಸಿಕ್ಕಲ್ಲಿ ಸುರಿಯದೆ ಒಂದೇ ಚಿಕ್ಕ ಜಾಗದಲ್ಲಿ ಸುರಿಯಲಿ. ಕಸವನ್ನು ಹರಡಿ, ಅದುಮಿ, ಅದೇ ಸಂಜೆ ಕನಿಷ್ಠ 10 ಸೆಂ.ಮೀ. ಮಣ್ಣೋ ಕಟ್ಟಡದ ಡೆಬ್ರಿಯೋ ಹೊದಿಸಬೇಕು. 100 ಚದರ ಮೀಟರಿಗೆ ಬೇಕಾಗುವುದು 10 ಘನ ಮೀಟರ್, ಅಂದರೆ ಸುಮಾರು ಮೂರೂವರೆ ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಜಾಗ ದೊಡ್ಡದಾದಷ್ಟೂ ಮಣ್ಣಿನ ಖರ್ಚು ಏರುತ್ತದೆ, ಕೊನೆಗೆ ಹೊದಿಕೆಯೇ ನಿಂತುಹೋಗುತ್ತದೆ.

ಡೆಬ್ರಿಯಲ್ಲಿ ಫಾಲ್ಸ್ ಸೀಲಿಂಗಿನ ಜಿಪ್ಸಂ ಹಲಗೆ ಇದ್ದರೆ ಬೇರ್ಪಡಿಸಿ. ಅದರಲ್ಲಿರುವ ಸಲ್ಫೇಟ್ ಒದ್ದೆಯಾಗಿ, ಗಾಳಿಯಿಲ್ಲದೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ನಾತ ಮುಚ್ಚಲು ಹೋಗಿ ಕೊಳೆತ ಮೊಟ್ಟೆಯ ವಾಸನೆ ತಂದಂತೆ! ಜೇಡಿಮಣ್ಣಾದರೆ ಮರುದಿನ ಹೊಸ ಕಸ ಸುರಿಯುವ ಮೊದಲು ಹಳೆ ಹೊದಿಕೆಯನ್ನು ಕೆರೆದು ತೆಗೆಯಿರಿ. ಇಲ್ಲವಾದರೆ ಕಸದ ರಸ ಕೆಳಗಿಳಿಯದೆ ಗುಡ್ಡೆಯ ಪಕ್ಕದಿಂದ ಒಸರುತ್ತದೆ.

ಮಳೆಗಾಲಕ್ಕೆ ಮುನ್ನ 40ರಿಂದ 65 ಸೆಂ.ಮೀ. ಮಣ್ಣು ಹಾಕಿ, ಅದುಮಿ, ನೀರು ಜಾರುವಂತೆ ಇಳಿಜಾರು ಮಾಡಬೇಕು. ಬಿರುಕಿನಿಂದ ಅನಿಲ ಬರುತ್ತಿದ್ದರೆ ಅಲ್ಲಿ ಒಂದಡಿ ಮಾಗಿದ ಕಾಂಪೋಸ್ಟ್ ಹಾಕಿ ತೇವ ಕಾಯ್ದುಕೊಳ್ಳಿ; ಅದರಲ್ಲಿನ ಸೂಕ್ಷ್ಮಾಣುಗಳು ಸಲ್ಫೈಡನ್ನು ತಿನ್ನುತ್ತವೆ. ಕಸದ ರಸದ ಗುಂಡಿಗೆ ಬಗ್ಗಿ ನೋಡುವ ಸಾಹಸ ಮಾತ್ರ ಬೇಡ. ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ 100 ಭಾಗದಷ್ಟಾದರೆ ಮೂಗಿಗೆ ಅದರ ವಾಸನೆಯೇ ತಿಳಿಯದಂತಾಗುತ್ತದೆ.

ಪ್ರಶ್ನೆ: ಹಳೆ ಕಸದ ಬಯೋಮೈನಿಂಗ್ (ಗುಡ್ಡೆಯನ್ನು ಅಗೆದು, ಜರಡಿ ಹಿಡಿದು ಬೇರ್ಪಡಿಸುವ ಕೆಲಸ) ಶುರುವಾದ ಮೇಲೆ ನಾತ ಹೆಚ್ಚಿದೆ. ಕೆಲಸ ಸರಿಯಾಗಿ ನಡೆಯುತ್ತಿಲ್ಲವೇ?

ಉತ್ತರ: ಮುಚ್ಚಿದ್ದನ್ನು ಅಗೆದಾಗ ಒಳಗಿನ ಅನಿಲ ಹೊರಬರಲೇಬೇಕು. ಆದರೆ ಒಂದೇ ಸಲಕ್ಕೆ ಎಷ್ಟು ಅಗೆಯುತ್ತಿದ್ದಾರೆ ಎಂಬುದನ್ನು ನೋಡಿ. ಅಗೆದ ಕಸವನ್ನು ಸುಮಾರು 2 ಮೀಟರ್ ಎತ್ತರದ ಉದ್ದ ರಾಶಿಗಳಾಗಿ ಹಾಕಿ, ಬಯೋಕಲ್ಚರ್ (ಕಸ ಕೊಳೆಸುವ ಸೂಕ್ಷ್ಮಾಣುಗಳ ದ್ರಾವಣ) ಸಿಂಪಡಿಸಿ, ವಾರಕ್ಕೊಮ್ಮೆ ಮಗುಚಬೇಕು. ಒಣಗಿದ ಮೇಲೆಯೇ ಜರಡಿ. ಒದ್ದೆ ಕಸ ಹಾಕಿದರೆ ತಿರುಗುವ ಜರಡಿ ಯಂತ್ರವಾದ ಟ್ರಾಮೆಲ್‌ನ ತೂತು ಕಟ್ಟಿಕೊಂಡು ರಾಶಿ ಅಲ್ಲೇ ಕೊಳೆಯುತ್ತದೆ.